ಕುರ್‌ಆನ್‌ನ ಯುದ್ಧದ ಆಯತ್‌ಗಳನ್ನ, ಅವುಗಳ ಹೊಸ ವ್ಯಾಖ್ಯಾನಗಳನ್ನ ಓದೋದು ಹೇಗೆ

ಕುರ್‌ಆನ್‌ನ 9ನೇ ಸೂರಾದ (ಅಧ್ಯಾಯದ) 5ನೇ ಆಯತ್ (ವಚನ), ಅಂದ್ರೆ ಬಹುದೇವಾರಾಧಕರನ್ನ ಕಂಡಲ್ಲಿ ಕೊಲ್ಲಿ ಅನ್ನೋ 9:5 ಒಂದನ್ನೇ ಕತ್ತರಿಸಿ ಶೇರ್ ಮಾಡೋರಲ್ಲಿ ಎರಡು ಗುಂಪಿದೆ. ಒಂದು ಗುಂಪಿಗೆ ಇಸ್ಲಾಂ ಅಂದ್ರೆ ಇಷ್ಟೇ ಅಂತ ತೋರಿಸಬೇಕು, ಇನ್ನೊಂದು ಗುಂಪಿಗೆ ಇದು ಇವತ್ತೂ ನಿಮಗೇ ಬಂದಿರೋ ಆಜ್ಞೆ ಅಂತ ಹುಡುಗರ ತಲೆಗೆ ತುಂಬಬೇಕು, ಉದ್ದೇಶ ಬೇರೆ ಬೇರೆ ಆದ್ರೂ ಓದೋ ರೀತಿ ಇಬ್ಬರದ್ದೂ ಒಂದೇ, ಹಿಂದಿನ ಮುಂದಿನ ಸಾಲು ಬೇಡ, ಕಾಲ ಬೇಡ, ಹೇಳಿದ್ದು ಯಾರಿಗೆ ಅನ್ನೋದೂ ಬೇಡ. ಇದಕ್ಕೆ ಉತ್ತರ ಕೊಡೋಕೆ ಬರೋ ಮೂರನೆಯವರು ಬಹಳ ಸಲ ಒಳ್ಳೆ ಮನಸ್ಸಿನವರೇ, ಆದ್ರೆ "ಎಲ್ಲಾ ಆತ್ಮರಕ್ಷಣೆಗೆ ಮಾಡಿದ ಯುದ್ಧ, ಇಸ್ಲಾಂ ಅಂದ್ರೆ ಶಾಂತಿ" ಅಂತ ಒಂದು ಸಾಲು ಹೇಳಿ ಮುಗಿಸಿಬಿಡ್ತಾರೆ, ಕೇಳಿದವನಿಗೆ ಸಮಾಧಾನ ಆಗಲ್ಲ, ಮತ್ತೆ ಗ್ರಂಥದವರ (ಯಹೂದಿ, ಕ್ರೈಸ್ತರ) ಜೊತೆ ಯುದ್ಧ ಮಾಡಿ ಅನ್ನೋ 9:29 ಹಿಡ್ಕೊಂಡು ಬಂದು ಇದಕ್ಕೇನಂತೀರಿ ಅಂತ ಕೇಳ್ತಾನೆ.

ಈ ಮೂರರಲ್ಲಿ ಯಾವುದೂ ಸಾಲದು ಅನ್ಸಿದವರಿಗೆ ಇದನ್ನ ಬರೀತಿದೀನಿ, ನೀವು ನಂಬಿಕೆಯಿಂದ ಓದೋರಾಗಿರಲಿ, ಹೊರಗೆ ನಿಂತು ತಿಳ್ಕೊಳ್ಳೋಕೆ ಓದೋರಾಗಿರಲಿ. ನಾನು ಹೇಳೋ ಮುಖ್ಯ ವಿಷಯ ಒಂದೇ. ಯುದ್ಧದ ಆಯತ್ ಓದುವಾಗ ಎಲ್ಲರೂ ಕೇಳೋ ಪ್ರಶ್ನೆ "ಇದು ಯಾರ ವಿರುದ್ಧ?" ಅಂತ. ಅದು ಬೇಕು, ಆದ್ರೆ ಅದರ ಜೊತೆಗೇ ಇನ್ನೊಂದು ಕೇಳ್ಬೇಕು: ಆ ಯುದ್ಧ ಸಾರಿದಾಗ ಪ್ರವಾದಿ ಮುಹಮ್ಮದರು ಯಾವ ಸ್ಥಾನದಲ್ಲಿ ನಿಂತು ಸಾರಿದ್ರು, ದೇವರ ಸಂದೇಶ ತಲುಪಿಸೋ ದೂತರಾಗಿಯೋ, ಮದೀನಾ ನಡೆಸ್ತಿದ್ದ ನಾಯಕರಾಗಿಯೋ, ಮತ್ತೆ ಆ ಸ್ಥಾನ ಅವರ ನಂತರ ಯಾರ ಕೈಗೆ ಬಂತು, ಅಥವಾ ಯಾರ ಕೈಗೂ ಬರಲೇ ಇಲ್ವಾ? ಕಳೆದ 150 ವರ್ಷದಲ್ಲಿ ಬಂದ ಹೊಸ ವ್ಯಾಖ್ಯಾನಗಳೆಲ್ಲಾ ಈ ಎರಡನೇ ಪ್ರಶ್ನೆಗೆ ಕೊಡೋ ಉತ್ತರದಲ್ಲೇ ಒಂದಕ್ಕೊಂದು ಬೇರೆ ಆಗೋದು.

ಮೊದಲು ಕಾಲದ ಪಟ್ಟಿ ಮಾಡ್ಕೊಳ್ಳಿ

ಒಂದು ಹಾಳೆ ತಗೊಂಡು ಇಷ್ಟನ್ನ ಬರ್ಕೊಳ್ಳಿ, ಇದಿಲ್ದೆ ಮುಂದೆ ಹೋದ್ರೆ ಎಲ್ಲಾ ಆಯತ್ ಒಂದೇ ದಿನ ಬಂದಂಗೆ ಕಾಣುತ್ತೆ. 610ರಲ್ಲಿ ಮಕ್ಕಾದಲ್ಲಿ ಮೊದಲ ಆಯತ್. 622ರಲ್ಲಿ ಮದೀನಾಕ್ಕೆ ಹಿಜ್ರಾ ಅಂದ್ರೆ ವಲಸೆ. 624 ಬದ್ರ್ ಯುದ್ಧ, 625 ಉಹುದ್, 627 ಖಂದಕ್ ಅಂದ್ರೆ ಮದೀನಾಕ್ಕೆ ಮುತ್ತಿಗೆ ಬಿದ್ದಾಗ ಕಂದಕ ತೋಡಿದ್ದು, 628 ಮಕ್ಕಾದ ಖುರೈಷ್ ಬುಡಕಟ್ಟಿನ ಜೊತೆ ಹುದೈಬಿಯಾ ಒಪ್ಪಂದ, 630ರ ಶುರುವಲ್ಲಿ ಮಕ್ಕಾ ವಿಜಯ, ಅದೇ ವರ್ಷ ಮುಂದೆ ಬೈಝಂಟೈನ್ ಗಡಿ ಕಡೆಗೆ ತಬೂಕ್ ದಂಡಯಾತ್ರೆ, 631ರ ಹಜ್ಜ್‌ನಲ್ಲಿ ತೌಬಾ ಅಂದ್ರೆ 9ನೇ ಸೂರಾದ ಘೋಷಣೆ, 632ರಲ್ಲಿ ಪ್ರವಾದಿಯವರ ಮರಣ.

ಮಕ್ಕಾದ ಸುಮಾರು ಹನ್ನೆರಡು ವರ್ಷ ಕೈ ಎತ್ತೋಕೆ ಅನುಮತಿ ಇರಲಿಲ್ಲ. ಹಿಂಸೆ ಸಹಿಸಿದ್ರು, ಕೆಲವರು ಅಬಿಸೀನಿಯಾಗೆ ವಲಸೆ ಹೋದ್ರು. ಮೊದಲ ಅನುಮತಿ ಅಂತ ಹೆಚ್ಚಿನ ವ್ಯಾಖ್ಯಾನಕಾರರು ಹೇಳೋದು 22:39-40ನ್ನ. ಅಲ್ಲಿ ಕಾರಣ ಆಯತ್ ಒಳಗೇ ಇದೆ, ಅನ್ಯಾಯಕ್ಕೆ ಒಳಗಾದವರಿಗೆ, "ನಮ್ಮ ಪ್ರಭು ಅಲ್ಲಾಹ್" ಅಂದಿದ್ದಕ್ಕೇ ಮನೆ ಬಿಟ್ಟು ಓಡಿಸಲ್ಪಟ್ಟವರಿಗೆ ಅಂತ. 22:40ರ ಉಳಿದ ಭಾಗ ಇನ್ನೂ ಮುಖ್ಯ, ಜನರಲ್ಲಿ ಕೆಲವರನ್ನ ಇನ್ನು ಕೆಲವರ ಮೂಲಕ ದೇವರು ತಡೀದೆ ಇದ್ದಿದ್ರೆ ಸನ್ಯಾಸಿಗಳ ಮಠ, ಚರ್ಚು, ಯಹೂದಿಗಳ ಪ್ರಾರ್ಥನಾ ಮಂದಿರ, ಮಸೀದಿ ಎಲ್ಲಾ ನಾಶ ಆಗ್ತಿತ್ತು ಅಂತ ಬರುತ್ತೆ. ಯುದ್ಧಕ್ಕೆ ಅನುಮತಿ ಕೊಡೋ ಮೊದಲ ಮಾತಲ್ಲೇ ಬೇರೆಯವರ ಪ್ರಾರ್ಥನಾ ಸ್ಥಳದ ಹೆಸರು ಮಸೀದಿಗಿಂತ ಮೊದಲು ಬರುತ್ತೆ ಅನ್ನೋದನ್ನ ನಿಧಾನಕ್ಕೆ ಓದಿ, ತುಂಬ ಜನ ಇಲ್ಲಿ ನಿಲ್ಲೋದೇ ಇಲ್ಲ.

ಆಯತ್ ಅಲ್ಲ, ಪೂರ್ತಿ ತುಣುಕು ಓದಿ

ಯಾವ ಆಯತ್ ಕೊಟ್ರೂ ಅದರ ಹಿಂದೆ ಐದು, ಮುಂದೆ ಐದು ಓದದೆ ಮಾತಾಡಬೇಡಿ, ಇದೊಂದು ಅಭ್ಯಾಸ ಬಂದ್ರೆ ಅರ್ಧ ಜಗಳ ಅಲ್ಲೇ ಮುಗಿಯುತ್ತೆ. "ಸಿಕ್ಕಲ್ಲಿ ಕೊಲ್ಲಿ" ಅನ್ನೋ ಮಾತು 2:191ರಲ್ಲಿ ಇದೆ ನಿಜ. ಅದರ ಹಿಂದೆ 2:190 ಏನನ್ನುತ್ತೆ, ನಿಮ್ಮ ಮೇಲೆ ಯುದ್ಧ ಮಾಡೋರ ಜೊತೆ ಯುದ್ಧ ಮಾಡಿ, ಆದ್ರೆ ಮಿತಿ ಮೀರಬೇಡಿ, ಮಿತಿ ಮೀರೋರನ್ನ ಅಲ್ಲಾಹ್ ಮೆಚ್ಚಲ್ಲ ಅಂತ. 191ರ ಒಳಗೇ ಅವರು ನಿಮ್ಮನ್ನ ಓಡಿಸಿದ ಜಾಗದಿಂದ ಅವರನ್ನ ಓಡಿಸಿ ಅಂತಿದೆ, ಪವಿತ್ರ ಮಸೀದಿ ಹತ್ರ ಅವರಾಗಿ ಶುರು ಮಾಡೋ ತನಕ ನೀವು ಮಾಡಬೇಡಿ ಅಂತಿದೆ. 192, 193 ಎರಡರಲ್ಲೂ ಅವರು ನಿಲ್ಲಿಸಿದ್ರೆ ನೀವೂ ನಿಲ್ಲಿಸಿ ಅನ್ನೋ ಅರ್ಥ ಬರುತ್ತೆ. ಐದು ಆಯತ್‌ಗಳ ಒಂದು ತುಣುಕು ಇದು, ಮಧ್ಯದ ಒಂದು ಸಾಲು ಕಿತ್ತರೆ ಉಳಿಯೋದು ಷರತ್ತೆಲ್ಲಾ ಹೋದ ಕೋರ್ಟ್ ಆರ್ಡರ್ ಇದ್ದಂಗೆ.

ಇನ್ನು ತೌಬಾ ಸೂರಾ. 9:5ನ್ನ ಓದೋಕೆ ಮೊದಲು 9:1ರಿಂದ ಶುರು ಮಾಡಿ 9:15ರ ತನಕ ಓದಿ. ಹುದೈಬಿಯಾದಲ್ಲಿ ಹತ್ತು ವರ್ಷ ಯುದ್ಧ ಬೇಡ ಅಂತ ಒಪ್ಪಂದ ಆಗಿತ್ತು, ಖುರೈಷರ ಜೊತೆ ಇದ್ದ ಬನೂ ಬಕ್ರ್ ಬುಡಕಟ್ಟಿನವರು ಮುಸ್ಲಿಮರ ಜೊತೆ ಇದ್ದ ಖುಝಾಆ ಬುಡಕಟ್ಟಿನ ಮೇಲೆ ಬಿದ್ದರು, ಅಲ್ಲಿಗೆ ಒಪ್ಪಂದ ಮುರೀತು. ಎಷ್ಟೋ ತಫ್ಸೀರ್‌ಗಳು, ಅಂದ್ರೆ ಕುರ್‌ಆನ್ ವ್ಯಾಖ್ಯಾನ ಗ್ರಂಥಗಳು, ಈ ಭಾಗವನ್ನ ಈ ಒಪ್ಪಂದ ಮುರಿದ ಹಿನ್ನೆಲೆಯಲ್ಲೇ ಇಟ್ಟು ಓದ್ತಾವೆ. 9:2 ನಾಲ್ಕು ತಿಂಗಳ ಅವಧಿ ಕೊಡುತ್ತೆ, 9:4 ಒಪ್ಪಂದ ಮುರಿಯದೆ ಇದ್ದ ಬಹುದೇವಾರಾಧಕರನ್ನ ಹೊರಗಿಡುತ್ತೆ, ಅವರ ಜೊತೆಗಿನ ಒಪ್ಪಂದ ಅವಧಿ ಮುಗಿಯೋ ತನಕ ಪಾಲಿಸಿ ಅಂತ. 9:6ರಲ್ಲಿ ಬಹುದೇವಾರಾಧಕರಲ್ಲಿ ಯಾರಾದ್ರೂ ಆಶ್ರಯ ಕೇಳಿದ್ರೆ ಕೊಡಿ, ದೇವರ ಮಾತು ಕೇಳಿಸಿ, ಆಮೇಲೆ ಅವನಿಗೆ ಸುರಕ್ಷಿತ ಅನ್ನಿಸೋ ಜಾಗಕ್ಕೆ ತಲುಪಿಸಿ ಅಂತಿದೆ. 9:13 ಅವರೇ ಪ್ರಮಾಣ ಮುರಿದ್ರು, ದೂತರನ್ನ ಹೊರಹಾಕೋಕೆ ನೋಡಿದ್ರು, ಮೊದಲು ಶುರು ಮಾಡಿದ್ದೂ ಅವರೇ ಅಂತ ಕಾರಣ ಕೊಡುತ್ತೆ.

ಇಲ್ಲಿ ಒಂದು ವಿಷಯ ಬಿಡದೆ ಹೇಳ್ಬೇಕು. 9:4, 9:6 ತೋರಿಸಿ ಸಮಾಧಾನ ಹೇಳೋರು 9:5ರ ಕೊನೆ ಭಾಗ ಬಿಟ್ಟುಬಿಡ್ತಾರೆ. ಅಲ್ಲಿ ಅವರು ಪಶ್ಚಾತ್ತಾಪ ಪಟ್ಟು ನಮಾಝ್ ಮಾಡಿ ಝಕಾತ್ (ಕಡ್ಡಾಯ ದಾನ) ಕೊಟ್ರೆ ಅವರ ದಾರಿ ಬಿಡಿ ಅಂತಿದೆ. ಬರೀ ಒಪ್ಪಂದ ಮುರಿದಿದ್ದಕ್ಕೆ ಶಿಕ್ಷೆ ಆಗಿದ್ರೆ ಬಿಡುಗಡೆಗೆ ನಮಾಝ್ ಯಾಕೆ ಬಂತು? ಇದು ನ್ಯಾಯವಾದ ಪ್ರಶ್ನೆ, ಇದನ್ನ ಕೇಳಿದವನನ್ನ ದ್ವೇಷಿ ಅಂತ ತಳ್ಳಿಹಾಕಬೇಡಿ, ಯಾವ ವ್ಯಾಖ್ಯಾನ ಇದಕ್ಕೆ ಉತ್ತರ ಕೊಡೋಕೆ ನಿಲ್ಲುತ್ತೋ ಅದು ಓದೋಕೆ ಯೋಗ್ಯ, ಯಾವುದು ಪಕ್ಕಕ್ಕೆ ಸರಿಯುತ್ತೋ ಅದನ್ನ ಇಟ್ಟುಬಿಡಿ.

ರದ್ದಾಗಿದೆ ಅಂದ್ರೆ ಯಾರು ರದ್ದು ಮಾಡಿದ್ದು ಅಂತ ಕೇಳಿ

ಶಾಂತಿ ಹೇಳೋ ಆಯತ್ ತೋರಿಸಿದ ಕೂಡಲೇ "ಅದು ರದ್ದಾಗಿದೆ, ಖಡ್ಗದ ಆಯತ್ ಅಂದ್ರೆ 9:5 ಬಂದ್ಮೇಲೆ ಅದಕ್ಕೆ ಬೆಲೆ ಇಲ್ಲ" ಅನ್ನೋ ಮಾತು ಬರುತ್ತೆ. ಇದಕ್ಕೆ ನಸ್ಖ್ ಅಂತಾರೆ, ಒಂದು ಆಯತ್ ರದ್ದು ಮಾಡಿದ್ರೆ ಅದಕ್ಕಿಂತ ಒಳ್ಳೇದೋ ಅಂಥದ್ದೋ ತರ್ತೀವಿ ಅನ್ನೋ 2:106ನ್ನ ಆಧಾರ ಮಾಡ್ಕೊಂಡು ಬೆಳೆದ ಸಿದ್ಧಾಂತ. 9:5 ಒಂದೇ ನೂರಕ್ಕೂ ಹೆಚ್ಚು ಆಯತ್‌ಗಳನ್ನ ರದ್ದು ಮಾಡಿದೆ ಅಂತ ಹಳೇ ಕಾಲದಲ್ಲಿ ಹೇಳಿದವರು ಇದ್ರು, ಇದ್ದದ್ದು ನಿಜ. ಆದ್ರೆ ಅದನ್ನ ಒಪ್ಪದೆ ಇದ್ದವರೂ ಹಳಬರೇ, ಹೊಸಬರಲ್ಲ. 8:61ರಲ್ಲಿ ಅವರು ಶಾಂತಿ ಕಡೆ ಬಾಗಿದ್ರೆ ನೀವೂ ಬಾಗಿ ಅಂತಿದೆ, ಖತಾದಾ ಅನ್ನೋ ಹಿರಿಯ ವ್ಯಾಖ್ಯಾನಕಾರರು ಅದು ರದ್ದಾಗಿದೆ ಅಂದಿದ್ರು, 923ರಲ್ಲಿ ತೀರಿಕೊಂಡ ಪ್ರಸಿದ್ಧ ವ್ಯಾಖ್ಯಾನಕಾರ ತಬರಿ ಆ ಮಾತಿಗೆ ಆಧಾರ ಇಲ್ಲ ಅಂತ ತಮ್ಮ ತಫ್ಸೀರ್‌ನಲ್ಲಿ ತಳ್ಳಿಹಾಕ್ತಾರೆ. 2:190ರ "ಮಿತಿ ಮೀರಬೇಡಿ" ವಿಷಯದಲ್ಲೂ ಇದೇ ಚರ್ಚೆ ಇದೆ, ತಬರಿ ಅಲ್ಲೂ ಅದು ರದ್ದಾಗಿಲ್ಲ, ಹೆಂಗಸರು ಮಕ್ಕಳ ಮೇಲೆ ಕೈ ಮಾಡಬೇಡಿ ಅನ್ನೋ ಅರ್ಥ ನಿಂತಿದೆ ಅನ್ನೋ ಕಡೆಗೇ ಹೋಗ್ತಾರೆ. 1505ರಲ್ಲಿ ತೀರಿಕೊಂಡ ಈಜಿಪ್ಟಿನ ವಿದ್ವಾಂಸ ಸುಯೂತಿ ರದ್ದಾದವುಗಳ ಪಟ್ಟಿಯನ್ನ ಸುಮಾರು 20ಕ್ಕೆ ಇಳಿಸಿದ್ರು, ದೆಹಲಿಯ ಶಾಹ್ ವಲೀಉಲ್ಲಾಹ್ 18ನೇ ಶತಮಾನದಲ್ಲಿ ಅದನ್ನ 5ಕ್ಕೆ ಇಳಿಸಿದ್ರು, ಸರ್ ಸೈಯದ್ ಅಹ್ಮದ್ ಖಾನ್ ಬಂದು ಕುರ್‌ಆನ್ ಒಳಗೆ ಒಂದೂ ರದ್ದಾಗಿಲ್ಲ, 2:106 ಹೇಳೋದು ಹಿಂದಿನ ಗ್ರಂಥಗಳ ಬಗ್ಗೆ ಅಂದ್ರು.

ಹಾಗಾಗಿ ಯಾರಾದ್ರೂ ರದ್ದಾಗಿದೆ ಅಂದ್ರೆ ಕೇಳೋದು ಇಷ್ಟು: ಪ್ರವಾದಿಯವರೇ ರದ್ದು ಅಂದ ವರದಿ ಇದ್ಯಾ, ಅಥವಾ ಎರಡು ಆಯತ್ ಹೊಂದಲ್ಲ ಅಂತ ಆಮೇಲೆ ಬಂದ ವಿದ್ವಾಂಸರೊಬ್ಬರು ತೀರ್ಮಾನ ಮಾಡಿದ್ದಾ? ಬಹಳ ಸಲ ಎರಡನೇದೇ ಇರುತ್ತೆ.

ಪ್ರವಾದಿಯವರ ಅಧಿಕಾರದ ಆಯತ್‌ಗಳನ್ನ ಎರಡೂ ಕಡೆಯಿಂದ ಓದಿ

ಈ ಭಾಗಕ್ಕೆ ಸಮಯ ಜಾಸ್ತಿ ಕೊಡಿ, ಎಲ್ಲರೂ ಯುದ್ಧದ ಆಯತ್ ಸುತ್ತಾನೇ ಗಿರಕಿ ಹೊಡೀತಾರೆ, ಗಂಟು ಇರೋದು ಇಲ್ಲಿ.

ಒಂದು ಕಡೆ ಅಧಿಕಾರ ಗಟ್ಟಿಯಾಗಿ ಹೇಳೋ ಆಯತ್‌ಗಳು. 4:59 ಅಲ್ಲಾಹನಿಗೆ ವಿಧೇಯರಾಗಿ, ದೂತರಿಗೆ ವಿಧೇಯರಾಗಿ, ನಿಮ್ಮಲ್ಲಿ ಅಧಿಕಾರ ಇರೋರಿಗೂ ಅಂತ. 4:65 ನಿಮ್ಮ ವ್ಯಾಜ್ಯದಲ್ಲಿ ಅವರನ್ನ ತೀರ್ಪುಗಾರ ಅಂತ ಒಪ್ಪಿ, ಕೊಟ್ಟ ತೀರ್ಪಿಗೆ ಮನಸ್ಸಲ್ಲೂ ಬೇಸರ ಇಲ್ಲದೆ ಇರೋ ತನಕ ವಿಶ್ವಾಸಿಗಳಲ್ಲ ಅಂತ, ಬುಖಾರಿಯವರ ಹದೀಸ್ (ಪ್ರವಾದಿಯವರ ಮಾತು, ನಡೆಗಳ ವರದಿ) ಸಂಗ್ರಹದಲ್ಲಿ ಇದರ ಹಿನ್ನೆಲೆಗೆ ಹೊಲಕ್ಕೆ ನೀರು ಬಿಡೋ ಕಾಲುವೆ ಜಗಳದ ವರದಿ ಇದೆ. 33:36 ಅಲ್ಲಾಹ್ ಮತ್ತು ದೂತರು ತೀರ್ಮಾನ ಮಾಡಿದ್ಮೇಲೆ ವಿಶ್ವಾಸಿಗೆ ಬೇರೆ ಆಯ್ಕೆ ಇಲ್ಲ ಅಂತ. 59:7 ದೂತರು ಕೊಟ್ಟಿದ್ದು ತಗೊಳ್ಳಿ, ಬೇಡ ಅಂದಿದ್ದು ಬಿಡಿ ಅಂತ, ಇದು ಬಂದಿದ್ದು ಬನೂ ನಝೀರ್ ಬುಡಕಟ್ಟಿನ ಆಸ್ತಿ ಹಂಚೋ ಸಂದರ್ಭದಲ್ಲಿ, ಸಂಪತ್ತು ನಿಮ್ಮಲ್ಲಿನ ಶ್ರೀಮಂತರ ನಡುವೆಯೇ ಸುತ್ತಬಾರದು ಅನ್ನೋ ಮಾತಿನ ಬೆನ್ನಿಗೆ. ಇದನ್ನೆಲ್ಲಾ ಓದಿದ್ಮೇಲೆ ಪ್ರವಾದಿಯವರು ಬರೀ ಸಂದೇಶ ತಂದುಕೊಟ್ಟು ಹೋದೋರು ಅಂತ ಹೇಳೋಕಾಗಲ್ಲ.

ಇನ್ನೊಂದು ಕಡೆ ಅದೇ ಅಧಿಕಾರಕ್ಕೆ ಗೆರೆ ಎಳೆಯೋ ಆಯತ್‌ಗಳು. 88:21-22 ನೀನು ನೆನಪಿಸೋನು ಮಾತ್ರ, ಅವರ ಮೇಲೆ ಬಲವಂತ ಮಾಡೋನಲ್ಲ ಅಂತ. 10:99 ಜನ ವಿಶ್ವಾಸಿಗಳಾಗಲಿ ಅಂತ ನೀನು ಬಲವಂತ ಮಾಡ್ತೀಯಾ ಅಂತ ಪ್ರವಾದಿಯವರನ್ನೇ ಕೇಳುತ್ತೆ. 18:110 ನಾನೂ ನಿಮ್ಮಂಗೇ ಮನುಷ್ಯ ಅಂತ ಹೇಳಿಸುತ್ತೆ. 80ನೇ ಸೂರಾದ ಶುರುವಲ್ಲಿ ಕುರುಡರೊಬ್ಬರು ಬಂದಾಗ ಮುಖ ತಿರುಗಿಸಿದ್ದಕ್ಕೆ ಆಕ್ಷೇಪ ಇದೆ, 9:43ರಲ್ಲಿ ಯುದ್ಧಕ್ಕೆ ಬರದೆ ಇರೋಕೆ ಕೆಲವರಿಗೆ ಅನುಮತಿ ಯಾಕೆ ಕೊಟ್ಟೆ ಅಂತ ಪ್ರಶ್ನೆ ಇದೆ. 4:80ನ್ನಂತೂ ಬರೆದಿಟ್ಕೊಳ್ಳಿ, ದೂತರಿಗೆ ವಿಧೇಯನಾದವನು ಅಲ್ಲಾಹನಿಗೆ ವಿಧೇಯನಾದ ಅನ್ನೋ ಮೊದಲರ್ಧ ಎಲ್ಲರ ಬಾಯಲ್ಲೂ ಇದೆ, ಯಾರು ಮುಖ ತಿರುಗಿಸ್ತಾರೋ ಅವರ ಕಾವಲಿಗೆ ನಿನ್ನನ್ನ ಕಳಿಸಿಲ್ಲ ಅನ್ನೋ ಉಳಿದರ್ಧ ಅದೇ ಆಯತ್‌ನಲ್ಲಿದೆ.

ಯುದ್ಧದ ವಿಷಯದಲ್ಲೇ ನೋಡಿ. ಬದ್ರ್‌ನಲ್ಲಿ ಬೀಡು ಬಿಟ್ಟ ಜಾಗ ನೋಡಿ ಹುಬಾಬ್ ಅನ್ನೋ ಸಂಗಾತಿ ಇದು ದೇವರು ಹೇಳಿದ ಜಾಗವೋ ಅಥವಾ ನಿಮ್ಮ ಯುದ್ಧದ ಲೆಕ್ಕಾಚಾರವೋ ಅಂತ ಕೇಳಿದ್ರು, ಲೆಕ್ಕಾಚಾರ ಅಂತ ಉತ್ತರ ಬಂದಾಗ ಹಾಗಾದ್ರೆ ಇದು ಸರಿಯಾದ ಜಾಗ ಅಲ್ಲ, ನೀರಿನ ಬಾವಿಗಳ ಹತ್ರ ಹೋಗೋಣ ಅಂದ್ರು, ಪ್ರವಾದಿಯವರು ಒಪ್ಪಿದ್ರು ಅಂತ ಸೀರಾ (ಪ್ರವಾದಿಯವರ ಜೀವನಚರಿತ್ರೆ) ಗ್ರಂಥದಲ್ಲಿದೆ. ಉಹುದ್‌ನಲ್ಲಿ ಊರೊಳಗೇ ಇದ್ದು ಎದುರಿಸೋಣ ಅನ್ನೋದು ಅವರ ಸ್ವಂತ ಒಲವಾಗಿತ್ತು, ಹೊರಗೆ ಹೋಗೋಣ ಅಂತ ಹೆಚ್ಚಿನವರು ಅಂದಿದ್ದಕ್ಕೆ ಹೊರಟರು, ಸೋಲಾಯ್ತು. ಆ ಸೋಲಿನ ನಂತರ ಬಂದ 3:159 ಇನ್ನು ಯಾರನ್ನೂ ಕೇಳಬೇಡ ಅನ್ನಲಿಲ್ಲ, ಅವರನ್ನ ಕ್ಷಮಿಸು, ವಿಷಯಗಳಲ್ಲಿ ಅವರ ಜೊತೆ ಸಮಾಲೋಚನೆ ಮಾಡು ಅಂತು. ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಇದಕ್ಕಿಂತ ದೊಡ್ಡ ಆಯತ್ ಇಲ್ಲ, ಯುದ್ಧದ ತೀರ್ಮಾನದಲ್ಲೂ ಆ ಕಾಲದ ಸಂಗಾತಿಗಳಿಗೆ ದೈವಾಜ್ಞೆ ಯಾವುದು, ನಾಯಕತ್ವದ ತೀರ್ಮಾನ ಯಾವುದು ಅಂತ ಬೇರೆ ಮಾಡೋ ಅಭ್ಯಾಸ ಇತ್ತು ಅನ್ನೋದು ಇದರಿಂದ ತಿಳಿಯುತ್ತೆ.

ಇದನ್ನೇ ಕಾನೂನಿನ ಭಾಷೆಗೆ ತಂದವರು 1285ರಲ್ಲಿ ತೀರಿಕೊಂಡ ಈಜಿಪ್ಟಿನ ಮಾಲಿಕಿ ಕಾನೂನು ಪಂಥದ ವಿದ್ವಾಂಸ ಅಲ್ ಖರಾಫಿ. ಪ್ರವಾದಿಯವರು ದೇವರ ಸಂದೇಶ ತಲುಪಿಸುವಾಗ, ಫತ್ವಾ ಕೊಡುವಾಗ ಹೇಳಿದ್ದು ಎಲ್ಲರಿಗೂ ಎಲ್ಲಾ ಕಾಲಕ್ಕೂ ಅನ್ವಯ, ಖಾಝಿಯಾಗಿ ಕೊಟ್ಟ ತೀರ್ಪಿಗೆ ಮುಂದೆ ಒಬ್ಬ ನ್ಯಾಯಾಧೀಶ ಬೇಕು, ಇಮಾಮ್ ಅಂದ್ರೆ ಆಡಳಿತಗಾರರಾಗಿ ಮಾಡಿದ್ದಕ್ಕೆ ಮುಂದೆ ಒಬ್ಬ ಆಡಳಿತಗಾರ ಬೇಕು, ಯಾರೋ ಒಬ್ಬ ತಾನೇ ಎದ್ದು ಮಾಡೋಕಾಗಲ್ಲ ಅಂತ ವಿಂಗಡಿಸಿದ್ರು. ಸೈನ್ಯ ಕಳಿಸೋದು, ಒಪ್ಪಂದ ಮಾಡ್ಕೊಳ್ಳೋದು, ಯುದ್ಧದಲ್ಲಿ ಸಿಕ್ಕಿದ್ದನ್ನ ಹಂಚೋದು ಎಲ್ಲಾ ಮೂರನೇ ಬಗೆಗೆ ಸೇರುತ್ತೆ. ಸುಮಾರು 750 ವರ್ಷ ಹಿಂದಿನ ಈ ಮಾತೊಂದನ್ನ ಹಿಡ್ಕೊಂಡ್ರೆ ಸಾಕು, ಫೋನಲ್ಲಿ ವಿಡಿಯೋ ನೋಡಿ ತಾನೇ ಜಿಹಾದ್ ಘೋಷಣೆ ಮಾಡ್ಕೊಳ್ಳೋ ಹುಡುಗನಿಗೆ ಹಳೇ ಶಾಸ್ತ್ರದೊಳಗೇ ಜಾಗ ಇಲ್ಲ ಅಂತ ಕಾಣುತ್ತೆ.

ಹೊಸ ವ್ಯಾಖ್ಯಾನಗಳನ್ನ ಗುರುತಿಸೋದು

ಯಾವುದೇ ಆಧುನಿಕ ಲೇಖಕರನ್ನ ಓದುವಾಗ ಇವರು ಯಾವ ದಾರಿಯವರು ಅಂತ ಮೊದಲು ನೋಡ್ಕೊಳ್ಳಿ, ಆಮೇಲೆ ಆ ದಾರಿಯಲ್ಲಿ ಏನು ಸಿಗುತ್ತೆ, ಏನು ಬಿಟ್ಟುಹೋಗುತ್ತೆ ಅಂತ.

ಆತ್ಮರಕ್ಷಣೆ ದಾರಿ ಎಲ್ಲರಿಗೂ ಪರಿಚಿತ. ಸರ್ ಸೈಯದ್, ಹೈದರಾಬಾದ್ ನಿಝಾಮರ ಸೇವೆಯಲ್ಲಿದ್ದ ಚಿರಾಗ್ ಅಲಿ, ಈಜಿಪ್ಟಿನ ಮುಹಮ್ಮದ್ ಅಬ್ದುಹು, ರಶೀದ್ ರಿಝಾ, ಆಮೇಲೆ 1958ರಿಂದ 1963ರ ತನಕ ಕೈರೋದ ಅಲ್ ಅಝ್ಹರ್ ವಿದ್ಯಾಪೀಠದ ಮುಖ್ಯಸ್ಥರಾಗಿದ್ದ ಮಹ್ಮೂದ್ ಶಲ್ತೂತ್. ಕಾಲ ಗಮನಿಸಿ, 1857ರ ದಂಗೆ ಆದ್ಮೇಲೆ 1871ರಲ್ಲಿ ಹಂಟರ್ ಅನ್ನೋ ಬ್ರಿಟಿಷ್ ಅಧಿಕಾರಿ ರಾಣಿಯ ವಿರುದ್ಧ ದಂಗೆ ಏಳೋದು ಮುಸ್ಲಿಮರಿಗೆ ಧರ್ಮದ ಕಡ್ಡಾಯವಾ ಅನ್ನೋ ಪ್ರಶ್ನೆ ಇಟ್ಟು ಪುಸ್ತಕ ಬರೆದ, ಸರ್ ಸೈಯದ್ ಅದಕ್ಕೆ ನೇರವಾಗಿ ಉತ್ತರ ಬರೆದ್ರು. ಒತ್ತಡದಲ್ಲಿ ಹುಟ್ಟಿದ ಉತ್ತರ ಅನ್ನೋ ಕಾರಣಕ್ಕೇ ಅದು ಸುಳ್ಳಾಗಲ್ಲ, ಆದ್ರೆ ಒತ್ತಡ ಎಲ್ಲಿ ಬಿದ್ದಿದೆ ಅಂತ ಗೊತ್ತಿರಬೇಕು. ಈ ಗುಂಪಲ್ಲಿ ಶಲ್ತೂತ್ ಅವರ ಕೆಲಸ ನನಗೆ ಗಟ್ಟಿ ಅನ್ಸುತ್ತೆ, ಯಾಕಂದ್ರೆ ಅವರು ಯುದ್ಧದ ಆಯತ್‌ಗಳನ್ನೆಲ್ಲಾ ಒಂದೇ ಕಡೆ ತಂದಿಟ್ಟು ಒಂದು ಇನ್ನೊಂದನ್ನ ವಿವರಿಸೋ ಹಾಗೆ ಓದ್ತಾರೆ, ಕಷ್ಟದ ಆಯತ್ ಬಂದಾಗ ಓಡಲ್ಲ. 9:29ರಲ್ಲಿ ಬರೋ ವಿಶ್ವಾಸ ಇಲ್ಲದವರು ಅನ್ನೋದು ಯುದ್ಧಕ್ಕೆ ಕಾರಣ ಅಲ್ಲ, ಈಗಾಗ್ಲೇ ದಾಳಿ ಮಾಡಿದ ಜನರ ವರ್ಣನೆ ಅನ್ನೋದು ಅವರ ವಾದ.

ಎರಡನೇದು ಫರಾಹಿ, ಇಸ್ಲಾಹಿ ಅನ್ನೋ ವ್ಯಾಖ್ಯಾನಕಾರರ ಪರಂಪರೆಯಿಂದ ಬಂದ ಪಾಕಿಸ್ತಾನಿ ವಿದ್ವಾಂಸ ಜಾವೇದ್ ಅಹ್ಮದ್ ಘಾಮಿದಿ ಅವರ ದಾರಿ. ಇವರು 9:5ರ ನಮಾಝ್ ಝಕಾತ್ ಷರತ್ತನ್ನ ಮುಚ್ಚಿಡೋದೇ ಇಲ್ಲ, ಹೌದು ಅದು ನಂಬದೆ ಇದ್ದಿದ್ದಕ್ಕೇ ಶಿಕ್ಷೆ ಅಂತಾರೆ. ಆದ್ರೆ ಆ ಶಿಕ್ಷೆ ದೇವರದ್ದು, ದೂತರು ಎದುರಿಗೇ ನಿಂತು ಸತ್ಯವನ್ನ ಅನುಮಾನಕ್ಕೆ ಜಾಗ ಇಲ್ಲದಷ್ಟು ಸ್ಪಷ್ಟ ಮಾಡಿದ್ಮೇಲೂ ತಿರಸ್ಕರಿಸಿದ ಆ ಜನಕ್ಕೆ ಮಾತ್ರ, ಹಿಂದೆ ನೂಹ್, ಲೂತ್ ಅವರ ಜನಕ್ಕೆ ಪ್ರವಾಹ, ಕಲ್ಲಿನ ಮಳೆ ಬಂದಂಗೆ ಇಲ್ಲಿ ವಿಶ್ವಾಸಿಗಳ ಕೈಯಿಂದ ಬಂತು, ಆ ಕಾಲ ಮುಗಿದ್ಮೇಲೆ ನಂಬಿಕೆ ಕಾರಣಕ್ಕೆ ಯಾರನ್ನೂ ಕೊಲ್ಲೋ, ಅಧೀನ ಮಾಡೋ ಹಕ್ಕು ಯಾರಿಗೂ ಇಲ್ಲ ಅಂತಾರೆ. ಉಳಿಯೋದು ದಬ್ಬಾಳಿಕೆ ವಿರುದ್ಧದ ಯುದ್ಧ, ಅದೂ ಒಂದು ರಾಜ್ಯದ ಅಧಿಕಾರದಡಿ ಮಾತ್ರ. 9:5ಕ್ಕೂ 2:256ರ ಧರ್ಮದಲ್ಲಿ ಬಲವಂತ ಇಲ್ಲ ಅನ್ನೋದಕ್ಕೂ ಇಲ್ಲಿ ಜಗಳವೇ ಬರಲ್ಲ. ಭಾರ ಬೀಳೋದು ಬೇರೆ ಕಡೆ, ಆ ಕಾಲದ ಪ್ರತಿಯೊಬ್ಬನಿಗೂ ಸತ್ಯ ಅಷ್ಟು ಸ್ಪಷ್ಟ ಆಗಿತ್ತು ಅಂತ ನೀವು ಒಪ್ಪಬೇಕು, ನಂಬಿಕೆಯ ಹೊರಗೆ ನಿಂತು ಓದೋರಿಗೆ ಅದನ್ನ ಒಪ್ಪೋದು ಸುಲಭ ಅಲ್ಲ.

ಮೂರನೇದು ಪ್ರವಾದಿಯವರು ರಾಜರೇ ಅಲ್ಲ ಅನ್ನೋ ದಾರಿ. 1924ರಲ್ಲಿ ತುರ್ಕಿಯಲ್ಲಿ ಖಿಲಾಫತ್ (ಪ್ರವಾದಿಯವರ ಉತ್ತರಾಧಿಕಾರಿ ಅನ್ನೋ ಖಲೀಫರ ಆಡಳಿತ) ರದ್ದಾಯ್ತು, ಮುಂದಿನ ವರ್ಷವೇ ಈಜಿಪ್ಟಿನ ಅಲಿ ಅಬ್ದುರ್ರಾಝಿಕ್ ಪ್ರವಾದಿಯವರದ್ದು ಆಧ್ಯಾತ್ಮಿಕ ನಾಯಕತ್ವ, ಅವರು ರಾಜ್ಯ ಕಟ್ಟೋಕೆ ಬಂದವರಲ್ಲ, ಖಿಲಾಫತ್ ಧರ್ಮದ ಭಾಗ ಅಲ್ಲ ಅಂತ ಬರೆದ್ರು, ಅಲ್ ಅಝ್ಹರ್ ವಿದ್ವಾಂಸರ ಮಂಡಳಿ ಅವರ ಪದವಿಯನ್ನೇ ಕಿತ್ಕೊಳ್ತು. ಧೈರ್ಯದ ಬರಹ, ಆದ್ರೆ ಯುದ್ಧ, ಒಪ್ಪಂದ, ತೀರ್ಪು ಇವೆಲ್ಲಾ ಎಲ್ಲಿ ಹೋಯ್ತು ಅನ್ನೋದಕ್ಕೆ ಅದರಲ್ಲಿ ಸಿಗೋ ಉತ್ತರ ತೆಳು. ಸಿರಿಯಾದ ಮುಹಮ್ಮದ್ ಶಹ್ರೂರ್ ಇದೇ ಪ್ರಶ್ನೆಗೆ ಬೇರೆ ಬಾಗಿಲಿಂದ ಬಂದ್ರು, ಕುರ್‌ಆನ್ ದೂತರಿಗೆ ವಿಧೇಯರಾಗಿ ಅನ್ನುತ್ತೆ, ನಬಿಗೆ (ಪ್ರವಾದಿಗೆ) ವಿಧೇಯರಾಗಿ ಅಂತ ಎಲ್ಲೂ ಅನ್ನಲ್ಲ, ಹಾಗಾಗಿ ಅವರು ತಂದ ಸಂದೇಶಕ್ಕೆ ವಿಧೇಯತೆ ಶಾಶ್ವತ, ಆ ಕಾಲದ ನಾಯಕರಾಗಿ ಮಾಡಿದ್ದು ಆ ಕಾಲಕ್ಕೆ ಅಂತ.

ಸುಡಾನಿನ ಮಹ್ಮೂದ್ ಮುಹಮ್ಮದ್ ತಾಹಾ ಇನ್ನೂ ದೂರ ಹೋದ್ರು, ಮಕ್ಕಾದ ಆಯತ್‌ಗಳೇ ಶಾಶ್ವತ, ಮದೀನಾದವು ಏಳನೇ ಶತಮಾನಕ್ಕೆ ಕೊಟ್ಟಿದ್ದು ಅಂತ. ಅಂದ್ರೆ ನಸ್ಖ್ ಸಿದ್ಧಾಂತವನ್ನ ತಲೆಕೆಳಗು ಮಾಡಿದ್ರು. 1985ರ ಜನವರಿ 18ರಂದು ಖಾರ್ತೂಮ್‌ನಲ್ಲಿ ಅವರನ್ನ ಗಲ್ಲಿಗೇರಿಸಿದ್ರು. ಪಾಕಿಸ್ತಾನ ಬಿಟ್ಟು ಅಮೆರಿಕಕ್ಕೆ ಹೋಗಬೇಕಾಗಿ ಬಂದ ಫಝ್ಲುರ್ರಹ್ಮಾನ್ ಅವರದ್ದು ಯಾವುದೇ ಆಯತ್‌ಗೆ ಬಳಸಬಹುದಾದ ವಿಧಾನ, ಮೊದಲು ಇವತ್ತಿನಿಂದ ಆ ಕಾಲಕ್ಕೆ ಹೋಗಿ ಆಜ್ಞೆ ಯಾವ ಸಮಸ್ಯೆಗೆ ಬಂತು, ಅದರ ಹಿಂದಿನ ನೈತಿಕ ಗುರಿ ಏನು ಅಂತ ಹುಡುಕಿ, ಆಮೇಲೆ ಆ ಗುರಿಯನ್ನ ಮಾತ್ರ ಇವತ್ತಿಗೆ ತನ್ನಿ ಅಂತ. ಉಪಯುಕ್ತ, ಆದ್ರೆ ಗುರಿ ಇದೇ ಅಂತ ತೀರ್ಮಾನ ಮಾಡೋದು ಓದುಗನೇ ಆದ್ರಿಂದ ತನಗೆ ಬೇಕಾದ್ದನ್ನೇ ಗುರಿ ಅಂದುಬಿಡೋ ಅಪಾಯ ಇದೆ.

ಇಷ್ಟೇ ಅಲ್ಲ, ಜಮಾಅತೆ ಇಸ್ಲಾಮಿ ಕಟ್ಟಿದ ಮೌದೂದಿ, ಈಜಿಪ್ಟಿನ ಮುಸ್ಲಿಂ ಬ್ರದರ್‌ಹುಡ್‌ನ ಸಯ್ಯಿದ್ ಖುತ್ಬ್ ಇವರದ್ದೂ ಆಧುನಿಕ ವ್ಯಾಖ್ಯಾನವೇ. ಇವರು ಹಳೇ ಶಾಸ್ತ್ರ ಒಪ್ಪಿಸ್ತಿದ್ದಾರೆ ಅಂತ ಬಹಳ ಜನ ತಿಳ್ಕೊಂಡಿದ್ದಾರೆ. ಇಸ್ಲಾಂ ಒಂದು ಕ್ರಾಂತಿಕಾರಿ ಸಿದ್ಧಾಂತ, ವ್ಯವಸ್ಥೆ ಬದಲಾಯಿಸೋ ಪಕ್ಷ ಅನ್ನೋ ಮಾತು 20ನೇ ಶತಮಾನದ್ದು, ತಬರಿ, ಖುರ್ತುಬಿ ಅಂಥ ಹಳೇ ವ್ಯಾಖ್ಯಾನಕಾರರಲ್ಲಿ ಅದು ಸಿಗಲ್ಲ. 1966ರಲ್ಲಿ ಈಜಿಪ್ಟ್ ಸರ್ಕಾರ ನೇಣಿಗೇರಿಸಿದ ಖುತ್ಬ್ ಆತ್ಮರಕ್ಷಣೆ ಅನ್ನೋ ವಾದ ಮಾಡೋರನ್ನ ಸೋತ ಮನಸ್ಸಿನವರು ಅಂತ ಟೀಕಿಸಿದ್ರು. ಅವರನ್ನೂ ಓದಿ, ಓದದೆ ಬೈಬೇಡಿ, ಆದ್ರೆ ಖರಾಫಿ ಕೇಳಿದ ಪ್ರಶ್ನೆಯನ್ನೇ ಅವರ ಮುಂದೆಯೂ ಇಡಿ: ಪ್ರವಾದಿಯವರು ಸೈನ್ಯ ನಡೆಸಿದ ಸ್ಥಾನ ನಿಮ್ಮ ಸಂಘಟನೆಗೆ ಯಾರು ಕೊಟ್ಟಿದ್ದು?

ಪರೀಕ್ಷೆ ಮಾಡೋದು

ಯಾವ ವ್ಯಾಖ್ಯಾನ ಕೈಗೆ ಬಂದ್ರೂ ಮೊದಲು 9:29ಕ್ಕೆ ಏನು ಹೇಳಿದೆ ನೋಡಿ. ಗ್ರಂಥದವರಲ್ಲಿ ಇಂಥವರ ಜೊತೆ ಅಧೀನರಾಗಿ ಜಿಝಿಯಾ (ಮುಸ್ಲಿಮೇತರರ ಮೇಲಿನ ತೆರಿಗೆ) ಕೊಡೋ ತನಕ ಯುದ್ಧ ಮಾಡಿ ಅನ್ನೋ ಆಯತ್ ಅದು, ಬಹಳ ವ್ಯಾಖ್ಯಾನಕಾರರು ತಬೂಕ್ ಹಿನ್ನೆಲೆಯಲ್ಲಿ ಇಡ್ತಾರೆ. ಜಿಝಿಯಾ ಬರೀ ಸೈನಿಕ ಸೇವೆಗೆ ಬದಲಾಗಿ ಕೊಡ್ತಿದ್ದ ತೆರಿಗೆ ಅಂತ ಹೇಳಿ ಅಧೀನ ಅನ್ನೋ ಮಾತನ್ನ ನುಂಗಿಬಿಟ್ಟಿದ್ರೆ ಅದು ಅರ್ಧ ಉತ್ತರ.

ಆಮೇಲೆ ಹದೀಸ್. ಜನರು ಅಲ್ಲಾಹನ ಹೊರತು ಆರಾಧ್ಯ ಇಲ್ಲ ಅನ್ನೋ ತನಕ ಅವರ ಜೊತೆ ಯುದ್ಧ ಮಾಡೋಕೆ ನನಗೆ ಆಜ್ಞೆ ಆಗಿದೆ ಅನ್ನೋ ಹದೀಸ್ ಬುಖಾರಿ, ಮುಸ್ಲಿಂ ಅನ್ನೋ ಎರಡು ಹದೀಸ್ ಸಂಗ್ರಹಗಳಲ್ಲೂ ಇದೆ. ಅದನ್ನ ಎತ್ತದೇ ಇರೋ ಬರಹ ನಿಮ್ಮನ್ನ ಮಧ್ಯ ದಾರಿಯಲ್ಲಿ ಬಿಟ್ಟಂಗೆ. ಇಲ್ಲಿ ಜನರು ಅಂದ್ರೆ ಆ ಕಾಲದ ಅರಬ್ ಬಹುದೇವಾರಾಧಕರು ಅಂತ ಹೇಳಿದ ಹಳೇ ವಿದ್ವಾಂಸರು ಅನೇಕರಿದ್ದಾರೆ, ಗ್ರಂಥದವರಿಂದ ಜಿಝಿಯಾ ತಗೊಂಡು ಬಿಟ್ಟಿದ್ದೇ ಇದಕ್ಕೆ ಆಧಾರ.

ಯುದ್ಧಕ್ಕೆ ಕಾರಣ ನಂಬಿಕೆ ಇಲ್ಲದಿರೋದಾ ಅಥವಾ ಯುದ್ಧಕ್ಕೆ ನಿಂತಿರೋದಾ ಅನ್ನೋ ಪ್ರಶ್ನೆಗೆ ಲೇಖಕರ ಉತ್ತರ ಏನು ಅಂತ ಒಂದು ಸಾಲಲ್ಲಿ ಬರ್ಕೊಳ್ಳೋಕೆ ಆಗುತ್ತಾ ನೋಡಿ. 1198ರಲ್ಲಿ ತೀರಿಕೊಂಡ ಕಾನೂನು ವಿದ್ವಾಂಸ ಇಬ್ನ್ ರುಶ್ದ್ ಯುದ್ಧದಲ್ಲಿ ಯಾರನ್ನ ಕೊಲ್ಲಬಾರದು ಅನ್ನೋ ಚರ್ಚೆಯಲ್ಲಿ ಕಾನೂನು ಪಂಥಗಳ ಭಿನ್ನಾಭಿಪ್ರಾಯದ ಬೇರು ಇದೇ ಅಂತ ತೋರಿಸ್ತಾರೆ. ಶಾಫಿಈ ಕಡೆಯವರು ಮೊದಲನೇದಕ್ಕೆ ಹತ್ರ, ಹನಫಿಗಳು ಎರಡನೇದಕ್ಕೆ. ಹಾಗಾಗಿ ಯಾರಾದ್ರೂ ಹಳೇ ಶಾಸ್ತ್ರದಲ್ಲಿ ಒಂದೇ ಮಾತಿತ್ತು ಅಂದ್ರೆ, ಅದು ಯಾವ ಕಡೆಯ ಮಾತೇ ಆಗಿರಲಿ, ಅಲ್ಲಿ ನಿಲ್ಲಿಸಿ ಪ್ರಶ್ನೆ ಕೇಳಿ.

ಬೇರೆಯವರ ಜೊತೆ ಚರ್ಚೆ ಮಾಡುವಾಗ ಒಂದು ಮಾತು ನೆನಪಿಡಿ, ಪೂರ್ತಿ ಭಕ್ತಿಯಿಂದ ಓದೋ ಹಿರಿಯರ ಹತ್ರ ಹೋಗಿ ಶಹ್ರೂರ್ ಹೀಗಂದ್ರು ಅಂದ್ರೆ ಮಾತು ಅಲ್ಲೇ ನಿಲ್ಲುತ್ತೆ, ತಬರಿ ಹೀಗಂದಿದ್ದಾರೆ ಅಂದ್ರೆ ಕೂತು ಕೇಳ್ತಾರೆ. 2014ರಲ್ಲಿ ಐಸಿಸ್ ನಾಯಕ ಬಗ್ದಾದಿಗೆ 120ಕ್ಕೂ ಹೆಚ್ಚು ವಿದ್ವಾಂಸರು ಬರೆದ ಬಹಿರಂಗ ಪತ್ರ ಇದೇ ಕೆಲಸ ಮಾಡಿತ್ತು, ಹೊಸ ಸಿದ್ಧಾಂತ ಏನೂ ತರದೆ ಹಳೇ ಶಾಸ್ತ್ರದ ನಿಯಮಗಳಿಂದಲೇ ಒಂದೊಂದಾಗಿ ಉತ್ತರ ಕೊಟ್ಟಿತ್ತು.

ಶುರು ಮಾಡೋ ಕ್ರಮ

ಅರಬ್ಬಿ ಬರದಿದ್ರೆ ಎರಡು ಬೇರೆ ಬೇರೆಯವರ ಅನುವಾದ ಪಕ್ಕಪಕ್ಕ ಇಟ್ಕೊಳ್ಳಿ. 22:38-41, 2:190-194, 3:121ರಿಂದ 3:180ರ ತನಕ ಉಹುದ್ ಭಾಗ, 4:59-90, 8:55-62, 59:1-8, 60:1-9, ಕೊನೆಗೆ 9:1-36 ಈ ಕ್ರಮದಲ್ಲಿ ಓದಿ, ಪ್ರತಿ ತುಣುಕಿನ ಪಕ್ಕ ಮೊದಲು ಬರೆದ ಪಟ್ಟಿಯಿಂದ ವರ್ಷ ಹಾಕಿ, ಪ್ರವಾದಿಯವರು ಅಲ್ಲಿ ಯಾವ ಸ್ಥಾನದಲ್ಲಿ ನಿಂತಿದ್ದಾರೆ ಅಂತ ನಿಮಗೆ ಅನ್ಸಿದ್ದನ್ನ ಪೆನ್ಸಿಲಲ್ಲಿ ಬರೀರಿ, ಮುಂದೆ ಅಳಿಸಿ ಬದಲಾಯಿಸಬೇಕಾಗುತ್ತೆ. ಇಷ್ಟಾಗೋ ತನಕ ಯಾವ ವ್ಯಾಖ್ಯಾನಕಾರರನ್ನೂ ತೆರೀಬೇಡಿ. ಆಮೇಲೆ ಇದೇ ಭಾಗಗಳಿಗೆ ಒಂದು ಹಳೇ ತಫ್ಸೀರ್, ಇಂಗ್ಲಿಷ್ ಅಥವಾ ಉರ್ದುವಲ್ಲಿ ಇಬ್ನ್ ಕಸೀರ್ ಸಂಗ್ರಹ ಸುಲಭವಾಗಿ ಸಿಗುತ್ತೆ. ಅದಾದ್ಮೇಲೆ ಶಲ್ತೂತ್ ಮತ್ತೆ ಖುತ್ಬ್ ಇಬ್ಬರನ್ನೂ ಒಟ್ಟಿಗೆ ತಗೊಂಡು, 9:29ಕ್ಕೆ ಇಬ್ಬರೂ ಏನು ಬರೆದಿದ್ದಾರೆ ಅಂತ ಎದುರುಬದುರು ಇಟ್ಟು, ನಿಮ್ಮ ಜೊತೆ ಯುದ್ಧ ಮಾಡದವರ ಬಗ್ಗೆ ಹೇಳೋ 4:90 ಮತ್ತು 60:8ನ್ನ ಪಕ್ಕದಲ್ಲಿ ತೆರೆದಿಟ್ಕೊಂಡು ಓದಿ.